ಹಳೆಯ ಡೀಸೆಲ್ ಜೀಪಿನ ಎಂಜಿನ್ ಹೀಟ್: ದೋಷ ಪತ್ತೆ ಮಾಡುವ ಕ್ರಮ

ಮಹೀಂದ್ರ ಎಂಎಂ 540, ಕಮಾಂಡರ್, ಮೇಜರ್ ಜೀಪುಗಳು ಮಲೆನಾಡು ಮತ್ತು ಕೊಡಗಿನ ತೋಟಗಳಲ್ಲಿ ಇವತ್ತಿಗೂ ದುಡಿಯುತ್ತಿವೆ. ಕೊಡಚಾದ್ರಿಯ ಕಲ್ಲುದಾರಿಯಲ್ಲೂ ಮಡಿಕೇರಿ ಹತ್ತಿರದ ಮಾಂದಲಪಟ್ಟಿಯ ಏರಿನಲ್ಲೂ ಜನರನ್ನು ಹತ್ತಿಸುವುದು ಇಂಥ ಜೀಪುಗಳೇ. ಎಂಎಂ 540ರಲ್ಲಿದ್ದ 2112 ಸಿಸಿ ಪೆಜೊ ಎಕ್ಸ್‌ಡಿಪಿ 4.90 ಎಂಜಿನ್ ಆಗಲಿ, ಆಮೇಲೆ ಬಂದ 2523 ಸಿಸಿ ಡಿಐ (ಡೈರೆಕ್ಟ್ ಇಂಜೆಕ್ಷನ್) ಎಂಜಿನ್ ಆಗಲಿ, ಸರಿಯಾಗಿ ತಂಪಾಗಿದ್ದರೆ ವರ್ಷಗಟ್ಟಲೆ ತಕರಾರಿಲ್ಲದೆ ಓಡುತ್ತವೆ. ಹೀಟ್ ಶುರುವಾದರೆ ಮಾತ್ರ ಮಾಲೀಕರ ಜೇಬು ಖಾಲಿಯಾಗುವುದು ಬೇಗ. ಮೊದಲು ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಕಿತ್ತು ಬಿಸಾಡುತ್ತಾರೆ, ಹೀಟ್ ಹೋಗಲಿಲ್ಲವೆಂದು ರೇಡಿಯೇಟರ್ ಬದಲಿಸುತ್ತಾರೆ, ಆಮೇಲೆ ವಾಟರ್ ಬಾಡಿ (ನೀರು ತಿರುಗಿಸುವ ಪಂಪ್), ಕೊನೆಗೆ ಹೆಡ್ (ಸಿಲಿಂಡರುಗಳ ಮೇಲಿನ ಭಾಗ) ಬಿಚ್ಚುತ್ತಾರೆ. ಇಷ್ಟೆಲ್ಲ ಆದ ಮೇಲೂ ಫ್ಯಾನ್ ಬೆಲ್ಟ್ ಜಾರುತ್ತಿರುವುದನ್ನು ಯಾರೂ ನೋಡಿರುವುದಿಲ್ಲ.

ಬಿಡಿಭಾಗ ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಗಾಡಿ ಹೀಟ್ ಆಗುವುದು ಯಾವಾಗ? ಈ ಉತ್ತರ ಗಟ್ಟಿಯಾಗಿ ಸಿಕ್ಕರೆ ಹುಡುಕಬೇಕಾದ ಜಾಗ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಹೀಟ್ ನಿಜವೋ, ಮೀಟರ್ ಸುಳ್ಳೋ

ಹಳೆಯ ಜೀಪಿನ ಮೀಟರನ್ನು ಕಣ್ಣುಮುಚ್ಚಿ ನಂಬಬೇಡಿ. ಹೆಡ್‌ಲೈಟ್ ಹಾಕಿದ ತಕ್ಷಣ ಟೆಂಪರೇಚರ್ ಮುಳ್ಳು ಮೇಲೇರಿದರೆ ಅದು ಅರ್ತ್ ವೈರಿನ ದೋಷ. ಟೆಂಪರೇಚರ್ ಮುಳ್ಳು ಮತ್ತು ಡೀಸೆಲ್ ಮುಳ್ಳು ಎರಡೂ ಒಟ್ಟಿಗೆ ಏರಿದರೆ ಮೀಟರಿಗೆ ಕರೆಂಟ್ ಕೊಡುವ ಸ್ಟೆಬಿಲೈಸರ್ ನೋಡಬೇಕು. ಎಂಜಿನ್ನಿನ ಉಷ್ಣತೆಯನ್ನು ಮೀಟರಿಗೆ ತಿಳಿಸುವ ಸೆಂಡರ್ ಒಂದೇ ವೈರಿನದಾಗಿದ್ದರೆ ಇಗ್ನಿಷನ್ ಆನ್ ಮಾಡಿ ಅದರ ವೈರ್ ಬಿಚ್ಚಿ: ಮುಳ್ಳು ತಣ್ಣನೆಯ ಕಡೆ ಬೀಳಬೇಕು. ಅದೇ ವೈರನ್ನು ಒಂದು ಕ್ಷಣ ಬಾಡಿಗೆ ತಾಗಿಸಿದರೆ ಮುಳ್ಳು ಪೂರ್ತಿ ಬಿಸಿ ಕಡೆಗೆ ಹೋಗಬೇಕು. ಎರಡೂ ಆದರೆ ಮೀಟರ್ ಮತ್ತು ವೈರಿಂಗ್ ಸರಿ ಇವೆ, ಅನುಮಾನ ಉಳಿಯುವುದು ಸೆಂಡರ್ ಮೇಲೆ ಮಾತ್ರ.

ಒಂದು ಇನ್ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಈ ಇಡೀ ಕೆಲಸ ಸುಲಭ. ಆದರೆ ಹೊಳೆಯುವ ಅಲ್ಯೂಮಿನಿಯಂ ಅಥವಾ ಹಿತ್ತಾಳೆ ಮೇಲೆ ಹಿಡಿದರೆ ಅದು ನಿಜಕ್ಕಿಂತ ಬಹಳ ಕಡಿಮೆ ಉಷ್ಣತೆ ತೋರಿಸುತ್ತದೆ. ಥರ್ಮೋಸ್ಟಾಟ್ ಹೌಸಿಂಗ್, ರೇಡಿಯೇಟರಿನ ಮೇಲಿನ ಮತ್ತು ಕೆಳಗಿನ ಟ್ಯಾಂಕ್, ಈ ಮೂರು ಕಡೆ ಒಂದೊಂದು ಚುಕ್ಕಿ ಮ್ಯಾಟ್ ಕಪ್ಪು ಪೇಂಟ್ ಹಚ್ಚಿ, ಯಾವಾಗಲೂ ಅಲ್ಲೇ ಹಿಡಿದು ಓದಿ. ಹೌಸಿಂಗ್ ಮೇಲೆ 80ರಿಂದ 92 ಡಿಗ್ರಿ ಸೆಲ್ಸಿಯಸ್ ಬಂದರೆ ಗಾಬರಿ ಬೇಡ. ಕಡಿದಾದ ಏರಿನಲ್ಲಿ ಸ್ವಲ್ಪ ಮೇಲೆ ಹೋಗಿ, ಏರು ಮುಗಿದ ಎರಡು ಮೂರು ನಿಮಿಷದಲ್ಲಿ ಇಳಿದರೂ ಪರವಾಗಿಲ್ಲ. 100 ದಾಟಿ ಏರುತ್ತಲೇ ಇದ್ದರೆ ದೋಷ ಇದೆ.

ಮುಳ್ಳು ಕೆಂಪಿನ ಹತ್ತಿರ ಹೋಗಿ, ಆಮೇಲೆ ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ ಗಾಡಿ ತಂಪಾಯಿತು ಎಂದುಕೊಳ್ಳಬೇಡಿ. ನೀರು ಖಾಲಿಯಾಗಿ ಸೆಂಡರಿನ ತುದಿ ಬರೀ ಗಾಳಿಯಲ್ಲಿ ನಿಂತಿದೆ ಎಂಬ ಲಕ್ಷಣ ಅದು. ಆಗ ಎಂಜಿನ್ ಕೂಡಲೇ ಆಫ್ ಮಾಡಬೇಕು. ಇದೊಂದನ್ನು ಗುರುತಿಸದೆ ಓಡಿಸಿ ಹೆಡ್ ಕಳೆದುಕೊಂಡ ಗಾಡಿಗಳು ತುಂಬಾ.

ಯಾವಾಗ ಹೀಟ್ ಆಗುತ್ತದೆ?

ನಿಂತಲ್ಲೇ ಅಥವಾ ಟ್ರಾಫಿಕ್‌ನಲ್ಲಿ ಮುಳ್ಳು ಏರಿ, ರಸ್ತೆಯಲ್ಲಿ 50 ಕಿಮೀ ವೇಗ ಹಿಡಿದಾಗ ಇಳಿದರೆ ಗಾಳಿಯ ಕೊರತೆ. ಫ್ಯಾನ್, ಬೆಲ್ಟ್, ಶ್ರೌಡ್ (ಫ್ಯಾನ್ ಸುತ್ತಲಿನ ಗಾಳಿಗೂಡು) ಕಡೆ ನೋಡಿ.

ನಿಂತಾಗ ಸರಿ, ಹೈವೇಯಲ್ಲಿ ವೇಗ ಹೆಚ್ಚಿದಂತೆ ಏರುತ್ತದೆ ಎಂದರೆ ನೀರಿನ ಹರಿವು ಸಾಲುತ್ತಿಲ್ಲ. ಒಳಗೆ ಕಟ್ಟಿಕೊಂಡ ರೇಡಿಯೇಟರ್, ಅರ್ಧ ಮಾತ್ರ ತೆರೆಯುವ ಥರ್ಮೋಸ್ಟಾಟ್, ವಾಟರ್ ಬಾಡಿಯೊಳಗೆ ನೀರು ತಳ್ಳುವ ಇಂಪೆಲ್ಲರ್ ಸವೆದಿರುವುದು, ಹೀರಿಕೊಂಡು ಚಪ್ಪಟೆಯಾಗುವ ಕೆಳಗಿನ ಹೋಸ್, ಇವುಗಳಲ್ಲಿ ಒಂದು.

ಲೋಡ್ ಹಾಕಿ ಘಾಟಿ ಹತ್ತುವಾಗ ಮಾತ್ರ ಹೀಟ್ ಆಗಿ, ಜೊತೆಗೆ ನೀರು ಹೊರಗೆ ಉಕ್ಕಿದರೆ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕಿನ ನಡುವಿನ ಸೀಲ್) ಮೇಲೆ ಅನುಮಾನ ಪಡಬೇಕು. ನೀರು ಉಕ್ಕದೆ ಕಪ್ಪು ಹೊಗೆ ಬಂದರೆ ಡೀಸೆಲ್ ಮತ್ತು ಗಾಳಿಯ ಲೆಕ್ಕ ತಪ್ಪಿದೆ.

ಸ್ಟಾರ್ಟ್ ಮಾಡಿದ ಐದು ಹತ್ತು ನಿಮಿಷದಲ್ಲೇ ಹೀಟ್ ಆದರೆ ನೀರು ಕಡಿಮೆ ಇದೆ, ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇದೆ, ಇಲ್ಲವೇ ಒಳಗೆ ಗಾಳಿ ಸಿಕ್ಕಿಕೊಂಡು ಏರ್ ಲಾಕ್ ಆಗಿದೆ.

ಎಂಜಿನ್‌ಗೆ ಸಂಬಂಧವಿಲ್ಲದ ಕಾರಣಗಳೂ ಇವೆ, ಇವನ್ನು ಮೊದಲೇ ತೆಗೆದುಹಾಕಿ. ಹತ್ತು ಕಿಮೀ ಓಡಿಸಿ ನಾಲ್ಕೂ ಹಬ್‌ಗಳ ಹತ್ತಿರ ಕೈ ಹಿಡಿದು ನೋಡಿ, ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ. ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಹಾಗೇ ಬಿಟ್ಟಿದ್ದರೂ, ಕ್ಲಚ್ ಜಾರುತ್ತಿದ್ದರೂ ಎಂಜಿನ್ ಮೇಲೆ ಸುಮ್ಮನೆ ಭಾರ. ಇನ್ನು ಓಡಿಸುವ ರೀತಿ. ಈ ಗಾಡಿಗಳಲ್ಲಿ ಫ್ಯಾನ್ ಮತ್ತು ವಾಟರ್ ಬಾಡಿ ಎರಡೂ ಒಂದೇ ಬೆಲ್ಟಿನಲ್ಲಿ ಎಂಜಿನ್ ವೇಗಕ್ಕೆ ತಕ್ಕಂತೆ ತಿರುಗುತ್ತವೆ. ಏರಿನಲ್ಲಿ ಮೂರನೇ ಗೇರಿನಲ್ಲಿ ಎಂಜಿನ್ ಗುದ್ದುತ್ತಾ ಎಳೆದರೆ ಶಾಖ ಹೆಚ್ಚು, ನೀರೂ ಗಾಳಿಯೂ ಕಡಿಮೆ. ಎರಡನೇ ಗೇರಿಗೆ ಇಳಿಸಿ ಆರ್‌ಪಿಎಂ ಏರಿಸಿದರೆ ಮುಳ್ಳು ತಾನಾಗಿ ಇಳಿಯುವುದು ಎಷ್ಟೋ ಗಾಡಿಗಳಲ್ಲಿ ಕಾಣುತ್ತದೆ.

ಬೆಳಗಿನ ತಣ್ಣನೆಯ ತಪಾಸಣೆ

ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಇದನ್ನು ಮಾಡಿ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ಎಂದಿಗೂ ತೆಗೆಯಬೇಡಿ, ಒಳಗಿನ ನೀರು ಒತ್ತಡ ತಪ್ಪಿದ ಕೂಡಲೇ ಹಬೆಯಾಗಿ ಮುಖಕ್ಕೆ ಹಾರುತ್ತದೆ.

ಮುಚ್ಚಳ ತೆಗೆದು ನೀರಿನ ಮಟ್ಟ ನೋಡಿ, ಬೆರಳು ಅದ್ದಿ ಬಣ್ಣ ನೋಡಿ. ತುಕ್ಕಿನ ಕೆಂಪು ನೀರಾದರೆ ಕೂಲೆಂಟ್ ಹಾಕದೆ ಬರೀ ನೀರಿನಲ್ಲಿ ಓಡಿಸಿದ್ದಾರೆ. ಮೇಲೆ ಎಣ್ಣೆಯ ಪದರ ಇದ್ದರೆ, ಅಥವಾ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಗಾಡಿ ಸ್ಟಾರ್ಟ್ ಮಾಡಬೇಡಿ, ಹೆಡ್ ಗ್ಯಾಸ್ಕೆಟ್ ಭಾಗದಲ್ಲಿ ಹೆಡ್ ಇಳಿಸಿ ಮಾಡುವ ತಪಾಸಣೆಗೇ ನೇರವಾಗಿ ಹೋಗಿ.

ಈಗ ಮುಚ್ಚಳವನ್ನೇ ಪರೀಕ್ಷಿಸಿ. ಇಡೀ ವ್ಯವಸ್ಥೆಯಲ್ಲಿ ಅಗ್ಗದ ಭಾಗ ಇದು, ಎಲ್ಲರೂ ಕಡೆಗಣಿಸುವುದೂ ಇದನ್ನೇ. ಬರೀ ನೀರು ಸಮುದ್ರ ಮಟ್ಟದಲ್ಲಿ 100 ಡಿಗ್ರಿಗೆ ಕುದಿಯುತ್ತದೆ. ಸುಮಾರು 300 ಮೀಟರ್ ಏರಿದಂತೆ ಒಂದು ಡಿಗ್ರಿ ಕಡಿಮೆಯಾಗುತ್ತದೆ. 1343 ಮೀಟರ್ ಎತ್ತರದ ಕೊಡಚಾದ್ರಿಯ ತುದಿಯಲ್ಲಿ ಮುಚ್ಚಳ ಸಡಿಲವಿದ್ದರೆ ನೀರು 95-96 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳ ಹಿಡಿಯುವ ಒತ್ತಡ ಒಂದು ಪಿಎಸ್‌ಐ ಹೆಚ್ಚಿದಂತೆ ಕುದಿಯುವ ಬಿಂದು ಹೆಚ್ಚುಕಡಿಮೆ ಒಂದೂವರೆ ಡಿಗ್ರಿ ಮೇಲೇರುತ್ತದೆ. ಕೆಳಗಿನ ರಬ್ಬರ್ ವಾಷರ್ ಗಟ್ಟಿಯಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಸ್ಪ್ರಿಂಗ್ ಬೆರಳಿಗೆ ಸುಲಭವಾಗಿ ಬಾಗಿದರೆ ಹೊಸದು ಹಾಕಿ. ಹಳೆಯ ಮುಚ್ಚಳದ ಮೇಲೆ ಅಚ್ಚಾಗಿರುವ ಅಂಕಿಯೇ ಹೊಸದರ ಮೇಲೂ ಇರಲಿ. ಹೆಚ್ಚು ಒತ್ತಡದ್ದು ಹಾಕಿದರೆ ಹಳೆಯ ರೇಡಿಯೇಟರಿನ ಬೆಸುಗೆ ಬಿಟ್ಟುಕೊಳ್ಳುತ್ತದೆ. ಎಂಜಿನ್ ತಣ್ಣಗಾದ ಮೇಲೆ ಮೇಲಿನ ಹೋಸ್ ಚಪ್ಪಟೆಯಾಗಿ ಹೀರಿಕೊಂಡಿದ್ದರೆ, ಮುಚ್ಚಳದ ನಡುವಿನ ಚಿಕ್ಕ ವಾಲ್ವ್ ಅಂಟಿಕೊಂಡಿದೆ ಅಥವಾ ಓವರ್‌ಫ್ಲೋ ಪೈಪ್ ಕಟ್ಟಿದೆ, ಚೆಲ್ಲಿದ ನೀರು ವಾಪಸ್ ಬರುತ್ತಿಲ್ಲ.

ಬೆಲ್ಟನ್ನು ಎರಡು ಪುಲ್ಲಿಗಳ ನಡುವೆ ಉದ್ದವಾಗಿರುವ ಕಡೆ ಹೆಬ್ಬೆರಳಿನಿಂದ ಒತ್ತಿ. 10ರಿಂದ 12 ಮಿಮೀ ಬಾಗಬೇಕು. ಬಿಗಿಯಿದ್ದೂ ಜಾರುವ ಬೆಲ್ಟುಗಳಿವೆ: ಬದಿಗಳು ಕನ್ನಡಿಯಂತೆ ಹೊಳೆಯುತ್ತಿದ್ದರೆ, ಅಥವಾ ಬೆಲ್ಟ್ ಸವೆದು ಪುಲ್ಲಿಯ ತಳಕ್ಕೆ ಕೂತಿದ್ದರೆ ಎಷ್ಟು ಬಿಗಿ ಮಾಡಿದರೂ ಹಿಡಿತ ಬರದು. ವಿ-ಬೆಲ್ಟ್ ಹಿಡಿಯುವುದು ಬದಿಗಳಿಂದ, ತಳದಿಂದ ಅಲ್ಲ. ಹಾಗೆಂದು ಅತಿಯಾಗಿ ಬಿಗಿ ಮಾಡಿದರೆ ವಾಟರ್ ಬಾಡಿಯ ಬೇರಿಂಗ್ ಹೋಗುತ್ತದೆ.

ಗಾಳಿಯ ದಾರಿ

ಹಳೆಯ ಜೀಪುಗಳಲ್ಲಿ ನಮಗೆ ಅತಿ ಹೆಚ್ಚು ಕಾಣುವ ಕೊರತೆ ಫ್ಯಾನ್ ಶ್ರೌಡ್. ರೇಡಿಯೇಟರ್ ಬಿಚ್ಚುವಾಗ ಅಡ್ಡವಾಗುತ್ತದೆಂದು ಯಾರೋ ಯಾವಾಗಲೋ ತೆಗೆದಿಟ್ಟಿರುತ್ತಾರೆ, ಮತ್ತೆ ಹಾಕಿರುವುದಿಲ್ಲ. ಶ್ರೌಡ್ ಇಲ್ಲದಿದ್ದರೆ ಫ್ಯಾನ್ ರೇಡಿಯೇಟರಿನ ನಡುಭಾಗದಿಂದ ಮಾತ್ರ ಗಾಳಿ ಎಳೆಯುತ್ತದೆ, ರೆಕ್ಕೆಯ ತುದಿಯಲ್ಲಿ ಎಂಜಿನ್ ಕಡೆಯ ಬಿಸಿಗಾಳಿಯೇ ಸುತ್ತುತ್ತದೆ. ಹೈವೇಯಲ್ಲಿ ಇದು ಗೊತ್ತಾಗುವುದಿಲ್ಲ. ಲೋ ರೇಂಜಿನಲ್ಲಿ, ಮೊದಲ ಗೇರಿನಲ್ಲಿ, ಗಂಟೆಗೆ 8-10 ಕಿಮೀ ವೇಗದಲ್ಲಿ ಕಲ್ಲುದಾರಿ ಹತ್ತುವಾಗ ಮುಂದಿನಿಂದ ನುಗ್ಗುವ ಗಾಳಿ ಇಲ್ಲ, ಎಲ್ಲವೂ ಫ್ಯಾನ್ ಮೇಲೆಯೇ. ತಗಡಿನಲ್ಲಿ ಮಾಡಿಸಿದ ಶ್ರೌಡ್ ಆದರೂ ಸಾಕು: ರೇಡಿಯೇಟರಿನ ನಾಲ್ಕೂ ಅಂಚು ಮುಚ್ಚಿರಲಿ, ರೆಕ್ಕೆಯ ಅಗಲದಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ಇರಲಿ, ತುದಿಗೂ ಶ್ರೌಡಿಗೂ ನಡುವೆ 15-20 ಮಿಮೀ ಜಾಗ ಇರಲಿ. ಎಂಜಿನ್ ಮೌಂಟ್ ಸಡಿಲವಿದ್ದರೆ ಮೊದಲು ಅದನ್ನು ಸರಿಮಾಡಿ, ಇಲ್ಲವಾದರೆ ರೆಕ್ಕೆ ತಾಗುತ್ತದೆ.

ಫ್ಯಾನನ್ನು ತಿರುಗಾಮುರುಗಾ ಜೋಡಿಸಿದ ಗಾಡಿಗಳೂ ಬರುತ್ತವೆ. ಎಂಜಿನ್ ಓಡುವಾಗ ರೇಡಿಯೇಟರಿನ ಮುಂದೆ ಒಂದು ಹಾಳೆ ಹಿಡಿದರೆ ಅದು ಜಾಲರಿಗೆ ಅಂಟಿಕೊಳ್ಳಬೇಕು. ಫ್ಯಾನಿನಲ್ಲಿ ವಿಸ್ಕಸ್ ಕಪ್ಲಿಂಗ್ (ಬಿಸಿಯಾದಾಗ ಫ್ಯಾನನ್ನು ಬಿಗಿಹಿಡಿಯುವ ಜೋಡಣೆ) ಇದ್ದರೆ, ಬಿಸಿ ಎಂಜಿನ್ ಆಫ್ ಮಾಡಿದ ಕೂಡಲೇ ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿ. ಎರಡು ಮೂರು ಸುತ್ತು ಸಲೀಸಾಗಿ ತಿರುಗಿದರೆ ಕಪ್ಲಿಂಗ್ ಸತ್ತಿದೆ.

ಆಮೇಲೆ ರೇಡಿಯೇಟರಿನ ಹೊರಮೈ. ಕೆಂಪು ಮಣ್ಣಿನ ಧೂಳು, ಮಳೆಗಾಲದ ಕೆಸರು, ಹುಲ್ಲಿನ ಬೀಜ ಎಲ್ಲ ಸೇರಿ ಒಳಪದರದಲ್ಲಿ ಗಟ್ಟಿಯಾಗುತ್ತವೆ. ಮುಂದಿನಿಂದ ನೋಡಿದರೆ ಚೊಕ್ಕಟವಾಗಿಯೇ ಕಾಣಬಹುದು. ಹಿಂದೆ ಬಲ್ಬ್ ಹಿಡಿದಾಗ ಬೆಳಕು ಬರದ ಜಾಗ ಗೊತ್ತಾಗುತ್ತದೆ. ತೊಳೆಯುವುದು ಎಂಜಿನ್ ಕಡೆಯಿಂದ ಮುಂದಕ್ಕೆ, ಮನೆಯ ಪೈಪಿನ ನೀರಿನಲ್ಲಿ, ಸ್ವಲ್ಪ ಸೋಪು ಹಾಕಿ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಹತ್ತಿರ ಹಿಡಿದರೆ ತೆಳು ತಗಡುಗಳು ಮಡಚಿಕೊಂಡು ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ನೀರಿನ ದಾರಿ

ಎಂಜಿನ್ ಪೂರ್ತಿ ಬಿಸಿಯಾಗಿ ಥರ್ಮೋಸ್ಟಾಟ್ ತೆರೆದ ಮೇಲೆ ರೇಡಿಯೇಟರಿನ ಮೇಲಿನ ಮತ್ತು ಕೆಳಗಿನ ಟ್ಯಾಂಕಿನ ಉಷ್ಣತೆ ಓದಿ. ಸಾಮಾನ್ಯವಾಗಿ 6ರಿಂದ 12 ಡಿಗ್ರಿ ವ್ಯತ್ಯಾಸ ಇರುತ್ತದೆ. ಗಾಡಿ ಹೀಟ್ ಆಗುತ್ತಿರುವಾಗ ವ್ಯತ್ಯಾಸ 20 ಡಿಗ್ರಿ ದಾಟಿದರೆ ನೀರು ನಿಧಾನವಾಗಿ ಹರಿಯುತ್ತಿದೆ: ಥರ್ಮೋಸ್ಟಾಟ್, ವಾಟರ್ ಬಾಡಿ, ಹೋಸ್ ಅಥವಾ ಕಟ್ಟಿದ ಟ್ಯೂಬು. ವ್ಯತ್ಯಾಸ ಎರಡು ಮೂರು ಡಿಗ್ರಿ ಮಾತ್ರ ಇದ್ದರೆ ನೀರು ಹರಿಯುತ್ತಿದೆ, ಶಾಖ ಹೊರಹೋಗುತ್ತಿಲ್ಲ: ಗಾಳಿ ಸಾಲದು, ಅಥವಾ ಟ್ಯೂಬಿನ ಒಳಗೆ ಉಪ್ಪಿನ ಪದರ ಕೂತಿದೆ. ಅದೇ ಥರ್ಮಾಮೀಟರನ್ನು ರೇಡಿಯೇಟರಿನ ಮೈಮೇಲೆ ಸಾಲುಸಾಲಾಗಿ ಹಿಡಿಯಿರಿ. ನಡುವೆ ತಣ್ಣನೆಯ ಪಟ್ಟಿ ಸಿಕ್ಕರೆ ಅಲ್ಲಿಯ ಟ್ಯೂಬುಗಳು ಕಟ್ಟಿವೆ.

ಬಯಲುಸೀಮೆಯ ಗಡಸು ಬೋರ್ ನೀರು ಹಾಕಿದ ಗಾಡಿಗಳಲ್ಲಿ ಇದು ಸಾಮಾನ್ಯ. ತಾಮ್ರ-ಹಿತ್ತಾಳೆಯ ರೇಡಿಯೇಟರ್ ಆಗಿದ್ದರೆ ಮೇಲಿನ ಟ್ಯಾಂಕಿನ ಬೆಸುಗೆ ಬಿಡಿಸಿ, ಟ್ಯೂಬುಗಳೊಳಗೆ ಪಟ್ಟಿ ತೂರಿಸಿ ಚೊಕ್ಕ ಮಾಡುವ ರಾಡಿಂಗ್ ಕೆಲಸ ಮಾಡಿಸಬಹುದು. ರಾಸಾಯನಿಕದಿಂದ ತೊಳೆಯುವುದಕ್ಕಿಂತ ಇದೇ ಮೇಲು, ಏಕೆಂದರೆ ಪೂರ್ತಿ ಕಟ್ಟಿದ ಟ್ಯೂಬಿನೊಳಗೆ ದ್ರಾವಣ ಹೋಗುವುದೇ ಇಲ್ಲ. ತೆಳು ಪದರಕ್ಕೆ ಲೀಟರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ತುಂಬಿ, ಬಿಸಿಯಾದ ಮೇಲೆ 15-20 ನಿಮಿಷ ಓಡಿಸಿ, ಖಾಲಿ ಮಾಡಿ, ನೀರು ತಿಳಿಯಾಗುವವರೆಗೆ ತೊಳೆಯಿರಿ. ಕಾಸ್ಟಿಕ್ ಸೋಡಾ ಮುಟ್ಟಬೇಡಿ, ಅದು ಅಲ್ಯೂಮಿನಿಯಂ ಭಾಗಗಳನ್ನು ತಿಂದುಹಾಕುತ್ತದೆ.

ಕೆಳಗಿನ ಹೋಸ್ ಒಳಗೆ ಒಂದು ಸ್ಪ್ರಿಂಗ್ ಇರಬೇಕಾದ ಗಾಡಿಗಳಲ್ಲಿ ಅದು ತುಕ್ಕು ಹಿಡಿದು ಕರಗಿಹೋಗಿರುತ್ತದೆ. ಬಿಸಿ ಎಂಜಿನ್ನಿನಲ್ಲಿ ಒಬ್ಬರು 2500 ಆರ್‌ಪಿಎಂಗೆ ಏರಿಸಲಿ, ಇನ್ನೊಬ್ಬರು ಹೋಸ್ ನೋಡುತ್ತಿರಲಿ. ಅದು ಚಪ್ಪಟೆಯಾದರೆ ಹೈವೇ ಹೀಟಿಗೆ ಕಾರಣ ಸಿಕ್ಕಿತು.

ವಾಟರ್ ಬಾಡಿಯ ಕೆಳಗೆ ಒಂದು ಚಿಕ್ಕ ತೂತಿದೆ. ಅಲ್ಲಿ ನೀರಿನ ಗುರುತು ಇದ್ದರೆ ಸೀಲ್ ಹೋಗಿದೆ. ಆ ತೂತಿಗೆ ಎಂ-ಸೀಲ್ ಮೆತ್ತುವುದು ರಿಪೇರಿ ಅಲ್ಲ, ನೀರು ಬೇರಿಂಗಿಗೆ ಹೋಗುತ್ತದೆ ಅಷ್ಟೆ. ಫ್ಯಾನ್ ಹಿಡಿದು ಅಲ್ಲಾಡಿಸಿದಾಗ ಆಟ ಸಿಕ್ಕರೂ ಬದಲಿಸಿ. ಹೊರಗೆ ಏನೂ ಕಾಣದೆ ಒಳಗಿನ ಇಂಪೆಲ್ಲರ್ ಸವೆದಿರಬಹುದು, ಶಾಫ್ಟ್ ಮೇಲೆ ಸಡಿಲವಾಗಿರಬಹುದು. ಹರಿವಿನ ಅನುಮಾನ ಉಳಿದರೆ ಬಿಚ್ಚಿ ನೋಡದೆ ಬಿಡಬೇಡಿ.

ಥರ್ಮೋಸ್ಟಾಟ್ ತೆಗೆದು ಓಡಿಸುವ ಅಭ್ಯಾಸ

'ನಮ್ಮ ಊರಿನ ಬಿಸಿಲಿಗೆ ಥರ್ಮೋಸ್ಟಾಟ್ ಬೇಡ' ಎಂಬ ಮಾತು ಗ್ಯಾರೇಜಿನಲ್ಲಿ ಕೇಳಿದರೆ ಒಪ್ಪಬೇಡಿ. ಅನೇಕ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದಿರುತ್ತದೆ, ಬಿಸಿನೀರಿನ ಒಂದು ಪಾಲು ರೇಡಿಯೇಟರ್ ನೋಡದೆಯೇ ಎಂಜಿನ್‌ಗೆ ಮರಳುತ್ತದೆ. ಘಾಟಿಯಲ್ಲಿ ಹೀಟ್ ಹೆಚ್ಚುವುದು ಹೀಗೆ. ಇಳಿಜಾರಿನಲ್ಲಿ, ಮಳೆಗಾಲದಲ್ಲಿ ಎಂಜಿನ್ 60 ಡಿಗ್ರಿ ದಾಟದೆ ಓಡಿ ಲೈನರ್ ಮತ್ತು ರಿಂಗ್ ಸವೆಯುತ್ತವೆ, ಡೀಸೆಲ್ ಖರ್ಚೂ ಏರುತ್ತದೆ.

ಪರೀಕ್ಷೆ ಅಡುಗೆಮನೆಯಲ್ಲೇ ಆಗುತ್ತದೆ. ಪಾತ್ರೆಯ ನೀರಿನಲ್ಲಿ ತಳಕ್ಕೆ ತಾಗದಂತೆ ದಾರದಲ್ಲಿ ಇಳಿಬಿಟ್ಟು, ಜೊತೆಗೆ ಥರ್ಮಾಮೀಟರ್ ಇಟ್ಟು ಕಾಯಿಸಿ. 82 ಎಂದು ಅಚ್ಚಾಗಿದ್ದರೆ 80-84ರ ನಡುವೆ ಬಾಯಿ ಬಿಡಲು ಶುರುಮಾಡಬೇಕು. 95ರ ಹೊತ್ತಿಗೆ 8 ಮಿಮೀ ಆಸುಪಾಸು ತೆರೆದಿರಬೇಕು. ಹೊರತೆಗೆದಾಗ ಪೂರ್ತಿ ಮುಚ್ಚಬೇಕು. ಕೂರಿಸುವಾಗ ಗಾಳಿ ಬಿಡುವ ಚಿಕ್ಕ ತೂತು ಮೇಲಕ್ಕೆ ಬರಲಿ, ಸ್ಪ್ರಿಂಗ್ ಎಂಜಿನ್ ಕಡೆಗಿರಲಿ.

ಹೆಡ್ ಗ್ಯಾಸ್ಕೆಟ್: ಬಿಚ್ಚುವ ಮೊದಲು ಖಚಿತ ಮಾಡಿಕೊಳ್ಳಿ

ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಹಿಡಿಯಿರಿ. ನೀರು ಇನ್ನೂ ಬೆಚ್ಚಗಾಗದೆ, ಒಂದೆರಡು ನಿಮಿಷದಲ್ಲೇ ಹೋಸ್ ಗಟ್ಟಿಯಾದರೆ ಆ ಒತ್ತಡ ಸಿಲಿಂಡರಿನಿಂದಲೇ ಬಂದದ್ದು.

ಗುಳ್ಳೆ ನೋಡುವ ಸರಿಯಾದ ವಿಧಾನ ಹೀಗೆ. ಎಂಜಿನ್ ತಣ್ಣಗಿರುವಾಗ ಫ್ಯಾನ್ ಬೆಲ್ಟ್ ತೆಗೆಯಿರಿ. ವಾಟರ್ ಬಾಡಿ ತಿರುಗದಿದ್ದರೆ ಅದು ಎಬ್ಬಿಸುವ ಗುಳ್ಳೆಯ ಗೊಂದಲ ಇರುವುದಿಲ್ಲ. ರೇಡಿಯೇಟರ್ ಬಾಯಿಯವರೆಗೆ ನೀರು ತುಂಬಿ, ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಎರಡು ಮೂರು ಸಲ ಒತ್ತಿ. ಸಾಲುಗುಳ್ಳೆ ನಿಲ್ಲದೆ ಬಂದರೆ ಗ್ಯಾಸ್ಕೆಟ್ ಅಥವಾ ಹೆಡ್ ಬಿರುಕು. ಒಂದು ನಿಮಿಷದೊಳಗೆ ಆಫ್ ಮಾಡಿ.

ರೇಡಿಯೇಟರ್ ಬಾಯಿಗೆ ಇಟ್ಟು ಗ್ಯಾಸ್ ಪರೀಕ್ಷಿಸುವ ನೀಲಿ ದ್ರಾವಣದ ಕಿಟ್ ಸಿಗುತ್ತದೆ. ಬಣ್ಣ ಹಸಿರು ಅಥವಾ ಹಳದಿಗೆ ತಿರುಗಿದರೆ ಗ್ಯಾಸ್ ಇದೆ. ಡೀಸೆಲ್‌ನಲ್ಲಿ ಒಂದು ಎಚ್ಚರ: ಐಡಲ್‌ನಲ್ಲಿ ಡೀಸೆಲ್ ಎಂಜಿನ್ ಹೆಚ್ಚಿನ ಗಾಳಿ, ಸ್ವಲ್ಪವೇ ಇಂಧನದಿಂದ ಓಡುವುದರಿಂದ ಇಂಗಾಲದ ಡೈಆಕ್ಸೈಡ್ ಕಡಿಮೆ ಇರುತ್ತದೆ. ಹಾಗಾಗಿ ಬಣ್ಣ ಬದಲಾಗಲಿಲ್ಲ ಎಂದಷ್ಟಕ್ಕೇ ಗ್ಯಾಸ್ಕೆಟ್ ಸರಿಯಿದೆ ಎನ್ನಲಾಗದು. ಏರಿನಲ್ಲಿ ಎಳೆಸಿ ತಂದು, ಎಂಜಿನ್ ತಣ್ಣಗಾಗಿ ಒತ್ತಡ ಇಳಿದ ಮೇಲೆ ಮುಚ್ಚಳ ತೆಗೆದು ಮತ್ತೆ ನೋಡಿ.

ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಎಂಜಿನ್ ಅರ್ಧ ಸುತ್ತಿಗೆ ಹಿಡಿದುಕೊಂಡರೆ ಬಲವಂತ ಮಾಡಬೇಡಿ. ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗ್ಲೋ ಪ್ಲಗ್ ಬಿಚ್ಚಿ, ಅದು ಇಲ್ಲದ ಎಂಜಿನ್ನಿನಲ್ಲಿ ಡೀಸೆಲ್ ಸಿಂಪಡಿಸುವ ನಾಝಲ್ ಬಿಚ್ಚಿ, ಆಮೇಲೆ ತಿರುಗಿಸಿ.

ಹೆಡ್ ಇಳಿಸಿದ ಮೇಲೆ ನೇರ ಪಟ್ಟಿ ಮತ್ತು ಫೀಲರ್ ಗೇಜ್ ಇಟ್ಟು ಉದ್ದ, ಅಗಲ, ಎರಡೂ ಕರ್ಣಗಳಲ್ಲಿ ನೋಡಿ. 0.05 ಮಿಮೀ ಬ್ಲೇಡ್ ಎಲ್ಲೂ ನುಸುಳದಿದ್ದರೆ ಚೆನ್ನ, 0.10 ನುಸುಳಿದರೆ ಫೇಸಿಂಗ್ (ಮೈ ಉಜ್ಜಿ ಸಮಮಾಡುವುದು) ಮಾತು. ಆದರೆ ಎಕ್ಸ್‌ಡಿಪಿ ಎಂಜಿನ್ನಿನ ಹೆಡ್‌ನಲ್ಲಿ ಬೆಂಕಿ ಹತ್ತುವ ಕೋಣೆಯ ಇನ್ಸರ್ಟ್‌ಗಳಿವೆ, ಅವುಗಳ ಮಟ್ಟ ನೋಡದೆ ಲೇತ್‌ನವರಿಗೆ ಕೊಟ್ಟು ಉಜ್ಜಿಸಬೇಡಿ. ಈ ಎಂಜಿನ್ ವೆಟ್ ಲೈನರಿನದು (ನೀರು ನೇರವಾಗಿ ತಾಗುವ ಸಿಲಿಂಡರ್ ತೋಳು): ಲೈನರುಗಳು ಬ್ಲಾಕಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಿರಬೇಕು. ಡಯಲ್ ಗೇಜ್ ಇಟ್ಟು ನಾಲ್ಕನ್ನೂ ಅಳೆದು ಎಂಜಿನ್ ಮ್ಯಾನ್ಯುಯಲ್ಲಿನ ಅಳತೆಗೆ ಹೋಲಿಸಿ. ಒಂದು ಲೈನರ್ ತಗ್ಗಿದ್ದರೂ ಹೊಸ ಗ್ಯಾಸ್ಕೆಟ್ ಅಲ್ಲಿಯೇ ಮತ್ತೆ ಹೋಗುತ್ತದೆ. ವರ್ಷಕ್ಕೊಂದು ಗ್ಯಾಸ್ಕೆಟ್ ತಿನ್ನುವ ಗಾಡಿಗಳಲ್ಲಿ ಬಹುಪಾಲು ಈ ಅಳತೆ ಯಾರೂ ಮಾಡಿರುವುದಿಲ್ಲ.

ಡೀಸೆಲ್ ಕಡೆಯ ಕಾರಣಗಳು

ಪುಲ್ಲಿಂಗ್ ಹೆಚ್ಚಲಿ ಎಂದು ಡೀಸೆಲ್ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸಿದ್ದರೆ ಏರಿನಲ್ಲಿ ದಟ್ಟ ಕಪ್ಪು ಹೊಗೆಯ ಜೊತೆ ಹೀಟ್ ಬರುತ್ತದೆ. ಪಂಪ್ ಟೈಮಿಂಗ್ ತಡವಾದರೆ ಬೆಂಕಿ ಎಕ್ಸಾಸ್ಟ್ ಕಡೆಗೆ ಸಾಗಿ ಹೆಡ್ ಕಾಯುತ್ತದೆ, ಎಳೆತವೂ ಕುಗ್ಗುತ್ತದೆ. ಹನಿಯುವ ನಾಝಲ್‌ಗಳನ್ನು ಟೆಸ್ಟರ್ ಮೇಲೆ ನೋಡಿಸಿ. ಆಯಿಲ್ ಬಾತ್ ಏರ್ ಫಿಲ್ಟರ್ ಇರುವ ಗಾಡಿಯಲ್ಲಿ ಬಟ್ಟಲಿನ ಆಯಿಲ್ ಕೆಸರಾಗಿದ್ದರೆ ತೆಗೆದು, ತೊಳೆದು, ಗುರುತಿನವರೆಗೆ ಹೊಸ ಆಯಿಲ್ ತುಂಬಿ.

ದಾರಿಯಲ್ಲಿ ಹೀಟ್ ಆದರೆ

ಬೆಲ್ಟ್ ಇದೆ, ನೀರು ಚೆಲ್ಲಿಲ್ಲ ಎಂದಾದರೆ ನೆರಳಿಗೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ 1000-1200 ಆರ್‌ಪಿಎಂಗೆ ಓಡಲು ಬಿಡಿ, ಬಾನೆಟ್ ತೆರೆಯಿರಿ, ಹೀಟರ್ ಇದ್ದರೆ ಪೂರ್ತಿ ಹಾಕಿ. ಬೆಲ್ಟ್ ಕಡಿದಿದ್ದರೆ, ಹೋಸ್ ಒಡೆದಿದ್ದರೆ, ಹಬೆ ಎದ್ದಿದ್ದರೆ ತಕ್ಷಣ ಆಫ್. ಮುಕ್ಕಾಲು ಗಂಟೆ ಕಾಯಿರಿ. ಒಣಗಿದ ಬಿಸಿ ಎಂಜಿನ್‌ಗೆ ಹಳ್ಳದ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡುತ್ತದೆ.

ಮತ್ತೆ ನೀರು ತುಂಬುವಾಗ

ಖಾಲಿ ಮಾಡುವಾಗ ಹೊರಬಂದ ನೀರನ್ನು ಅಳೆದಿಡಿ. ತುಂಬುವಾಗ ಅಷ್ಟು ಹಿಡಿಯದಿದ್ದರೆ ಗಾಳಿ ಸಿಕ್ಕಿಹಾಕಿಕೊಂಡಿದೆ. ಗಾಡಿಯ ಮೂತಿ ಏರು ಕಡೆಗೆ ನಿಲ್ಲಿಸಿ, ಹೌಸಿಂಗ್ ಮೇಲೆ ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ, ನಿಧಾನಕ್ಕೆ ತುಂಬಿ, ಹೋಸ್ ಹಿಸುಕುತ್ತಾ ಹೋಗಿ. ಕಾನ್ಸಂಟ್ರೇಟ್ ಕೂಲೆಂಟ್ ಆದರೆ ಡಿಸ್ಟಿಲ್ಡ್ ನೀರಿನ ಜೊತೆ ಸಮಪಾಲು. ರೆಡಿ ಮಿಕ್ಸ್ ಆದರೆ ನೀರು ಸೇರಿಸಬೇಡಿ. ಡಿಸ್ಟಿಲ್ಡ್ ನೀರು ಸಿಗದ ಕಡೆ ಶುದ್ಧ ಪಾತ್ರೆಯಲ್ಲಿ ಹಿಡಿದು ಸೋಸಿದ ಮಳೆನೀರು ಬೋರ್ ನೀರಿಗಿಂತ ಎಷ್ಟೋ ಮೇಲು.

ಥರ್ಮೋಸ್ಟಾಟ್ ತೆರೆಯುವವರೆಗೆ ಮುಚ್ಚಳ ಹಾಕದೆ ಎಂಜಿನ್ ಓಡಿಸಿ, ಮಟ್ಟ ಇಳಿದಷ್ಟು ತುಂಬಿ ಮುಚ್ಚಿ. ಆಮೇಲೆ ಯಾವ ಏರಿನಲ್ಲಿ ಹೀಟ್ ಆಗುತ್ತಿತ್ತೋ ಅದೇ ಏರಿನಲ್ಲಿ, ಅದೇ ಲೋಡಿನಲ್ಲಿ ಹತ್ತಿಸಿ ಮೂರೂ ಕಪ್ಪು ಚುಕ್ಕಿಗಳ ಉಷ್ಣತೆ ಬರೆದಿಟ್ಟುಕೊಳ್ಳಿ. ಮರುದಿನ ಬೆಳಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದು ಮಟ್ಟ ನೋಡಿ, ಅರ್ಧ ಲೀಟರಿಗಿಂತ ಹೆಚ್ಚು ಇಳಿದಿದ್ದರೆ ಸೋರಿಕೆ ಇನ್ನೂ ಉಳಿದಿದೆ.